ಆನಿ ಬೆಸೆಂಟ್: ಲಂಡನ್ ಸ್ಕೂಲ್ ಬೋರ್ಡ್ ಸದಸ್ಯೆಯಾಗಿ ಮೂರು ವರ್ಷ

ಆನಿ ಬೆಸೆಂಟ್ (1 ಅಕ್ಟೋಬರ್ 1847 – 20 ಸೆಪ್ಟೆಂಬರ್ 1933) ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಹೋಮ್ ರೂಲ್ ಚಳವಳಿ, ಅಡ್ಯಾರಿನ ಥಿಯಾಸಫಿಕಲ್ ಸೊಸೈಟಿ ಮತ್ತು 1917ರ ಕಾಂಗ್ರೆಸ್ ಅಧ್ಯಕ್ಷ ಪದವಿ. ಅವರು ಭಾರತಕ್ಕೆ ಬರುವ ಮೊದಲು ಲಂಡನ್ ನಗರದ ಸ್ಕೂಲ್ ಬೋರ್ಡಿಗೆ, ಅಂದರೆ ಶಾಲಾ ಮಂಡಳಿಗೆ, ಜನರ ಮತದಿಂದ ಆಯ್ಕೆಯಾಗಿ 1888ರಿಂದ 1891ರವರೆಗೆ ಸದಸ್ಯೆಯಾಗಿದ್ದರು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವರ ಬದುಕಿನ ಕುರಿತ ಬರಹಗಳಲ್ಲಿ ಈ ಮೂರು ವರ್ಷಕ್ಕೆ ಸಾಮಾನ್ಯವಾಗಿ ಒಂದೆರಡು ಸಾಲು ಮಾತ್ರ ಸಿಗುತ್ತದೆ.

ಅದು ಸಣ್ಣ ಅಧಿಕಾರವೇನೋ ಹೌದು. ಆದರೆ ಹಸಿದು ಶಾಲೆಗೆ ಬರುವ ಮಗುವಿಗೆ ಊಟ, ಬಡವರ ಮಕ್ಕಳಿಗೆ ಶುಲ್ಕವಿಲ್ಲದ ಶಿಕ್ಷಣ, ಶಾಲೆಯ ಗುತ್ತಿಗೆ ಕೆಲಸ ಮಾಡುವ ಕೂಲಿಕಾರನಿಗೆ ನ್ಯಾಯವಾದ ಕೂಲಿ ಎಂಬ ಮೂರು ಬೇಡಿಕೆಗಳನ್ನು ಒಬ್ಬ ಮಹಿಳೆ ಆ ಸ್ಥಾನದಿಂದ ಮಂಡಿಸಿದರು. ಇವು ಇಂದು ನಮ್ಮ ದೇಶದಲ್ಲೂ ಕಾನೂನು ಇಲ್ಲವೇ ಸರ್ಕಾರಿ ಯೋಜನೆಯ ಭಾಗವಾಗಿವೆ. ಆ ಚುನಾವಣೆ ಹೇಗೆ ನಡೆಯಿತು, ಗೆದ್ದ ನಂತರ ಅವರು ಏನು ಮಾಡಿದರು, ಅಲ್ಲಿನ ಅನುಭವ ಭಾರತದ ಅವರ ಕೆಲಸಕ್ಕೆ ಹೇಗೆ ಮುಂದುವರಿಯಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸ್ಕೂಲ್ ಬೋರ್ಡ್ ಎಂದರೇನು?

1870ರವರೆಗೆ ಇಂಗ್ಲೆಂಡಿನಲ್ಲಿ ಬಡ ಮಕ್ಕಳ ಶಿಕ್ಷಣ ಹೆಚ್ಚಾಗಿ ಚರ್ಚುಗಳ ಮತ್ತು ದತ್ತಿ ಸಂಸ್ಥೆಗಳ ಕೈಯಲ್ಲಿತ್ತು. ಆ ವರ್ಷ ಬಂದ ಪ್ರಾಥಮಿಕ ಶಿಕ್ಷಣ ಕಾಯಿದೆ, ಶಾಲೆಗಳು ಸಾಲದ ಊರುಗಳಲ್ಲಿ ಚುನಾಯಿತ ಶಾಲಾ ಮಂಡಳಿಗಳನ್ನು ರಚಿಸಲು ಅವಕಾಶ ನೀಡಿತು. ಈ ಮಂಡಳಿಗಳು ಸ್ಥಳೀಯ ಕಂದಾಯದ ಹಣದಿಂದ ಶಾಲೆ ಕಟ್ಟಿಸಬಹುದಿತ್ತು, ಶಿಕ್ಷಕರನ್ನು ನೇಮಿಸಬಹುದಿತ್ತು, ಹಾಜರಾತಿ ಕಡ್ಡಾಯ ಮಾಡಬಹುದಿತ್ತು.

ಲಂಡನ್ ಸ್ಕೂಲ್ ಬೋರ್ಡ್ ಇವುಗಳಲ್ಲಿ ಅತಿ ದೊಡ್ಡದು. 1870ರ ನವೆಂಬರಿನಲ್ಲಿ ನಡೆದ ಮೊದಲ ಚುನಾವಣೆಯಲ್ಲಿ ಹತ್ತು ಕ್ಷೇತ್ರಗಳಿಂದ 49 ಸದಸ್ಯರು ಆಯ್ಕೆಯಾದರು. ಮುಂದೆ ಈ ಸಂಖ್ಯೆ 55ಕ್ಕೆ ಏರಿತು. ಪ್ರತಿ ಮೂರು ವರ್ಷಕ್ಕೊಮ್ಮೆ ಚುನಾವಣೆ. ಮತದಾನದ ಪದ್ಧತಿಯೂ ವಿಶೇಷವಾದದ್ದು. ಒಂದು ಕ್ಷೇತ್ರದಲ್ಲಿ ಐದು ಸ್ಥಾನಗಳಿದ್ದರೆ ಪ್ರತಿ ಮತದಾರನಿಗೂ ಐದು ಮತ. ಅವುಗಳನ್ನು ಐವರಿಗೆ ಹಂಚಬಹುದು, ಇಲ್ಲವೇ ಐದನ್ನೂ ಒಬ್ಬರಿಗೇ ಹಾಕಬಹುದು. ಇದರಿಂದ ಸಂಖ್ಯೆಯಲ್ಲಿ ಕಡಿಮೆ ಇರುವ ಗುಂಪುಗಳೂ ತಮ್ಮ ಮತಗಳನ್ನೆಲ್ಲ ಒಬ್ಬ ಅಭ್ಯರ್ಥಿಯ ಮೇಲೆ ಕೂಡಿಸಿ ಗೆಲ್ಲಿಸಲು ಸಾಧ್ಯವಿತ್ತು.

ಇನ್ನೊಂದು ಮುಖ್ಯ ಸಂಗತಿ ಮಹಿಳೆಯರದು. ಆಗ ಬ್ರಿಟನ್ನಿನಲ್ಲಿ ಹೆಂಗಸರಿಗೆ ಸಂಸತ್ ಚುನಾವಣೆಯಲ್ಲಿ ಮತವೂ ಇರಲಿಲ್ಲ, ಸ್ಪರ್ಧಿಸುವ ಹಕ್ಕೂ ಇರಲಿಲ್ಲ. ಆದರೆ ಶಾಲಾ ಮಂಡಳಿಗೆ ಕಂದಾಯ ಕಟ್ಟುವ ಮಹಿಳೆಯರು ಮತ ಹಾಕಬಹುದಿತ್ತು, ಮಹಿಳೆಯರು ಅಭ್ಯರ್ಥಿಗಳಾಗಿಯೂ ನಿಲ್ಲಬಹುದಿತ್ತು. ಮೊದಲ ಚುನಾವಣೆಯಲ್ಲೇ ವೈದ್ಯೆ ಎಲಿಜಬೆತ್ ಗ್ಯಾರೆಟ್ ಮ್ಯಾರಿಲಬೋನ್ ಕ್ಷೇತ್ರದಲ್ಲಿ 47 ಸಾವಿರಕ್ಕೂ ಹೆಚ್ಚು ಮತ ಪಡೆದು ಎಲ್ಲರಿಗಿಂತ ಮುಂದೆ ನಿಂತರು. ಗ್ರೀನ್‌ವಿಚ್‌ನಿಂದ ಎಮಿಲಿ ಡೇವಿಸ್ ಗೆದ್ದರು. ವಿಜ್ಞಾನಿ ಟಿ. ಎಚ್. ಹಕ್ಸ್‌ಲಿ ಕೂಡ ಅದೇ ಮಂಡಳಿಯ ಸದಸ್ಯರಾಗಿದ್ದರು. ಮುಂದೆ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಅವರ ಮಲಮಗಳು ಹೆಲೆನ್ ಟೇಲರ್ ಒಂಬತ್ತು ವರ್ಷ ಸದಸ್ಯೆಯಾಗಿದ್ದರು. ಆನಿ ಬೆಸೆಂಟ್ ಈ ದಾರಿಯಲ್ಲೇ ಬಂದವರು.

ಚುನಾವಣೆಗೆ ಮುಂಚಿನ ಬದುಕು

ಆನಿ ವುಡ್ ಹುಟ್ಟಿದ್ದು ಲಂಡನ್ನಿನಲ್ಲಿ. ಐದು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಎಲೆನ್ ಮ್ಯಾರಿಯಟ್ ಎಂಬ ಮಹಿಳೆ ಅವರನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಓದಿಸಿದರು. ಕಂಠಪಾಠಕ್ಕಿಂತ ಕಣ್ಣಾರೆ ಕಂಡು ಕಲಿಯುವುದಕ್ಕೆ ಬೆಲೆ ಕೊಟ್ಟ ಶಿಕ್ಷಣ ಅದು.

1867ರಲ್ಲಿ ಪಾದ್ರಿ ಫ್ರಾಂಕ್ ಬೆಸೆಂಟ್ ಜೊತೆ ಮದುವೆಯಾಯಿತು. ಡಿಗ್ಬಿ ಎಂಬ ಮಗ, ಮೇಬಲ್ ಎಂಬ ಮಗಳು ಹುಟ್ಟಿದರು. ಧಾರ್ಮಿಕ ನಂಬಿಕೆಯ ಪ್ರಶ್ನೆಯಲ್ಲಿ ಗಂಡ ಹೆಂಡಿರ ನಡುವೆ ಬಿರುಕು ಬಿಟ್ಟು 1873ರಲ್ಲಿ ಬೇರೆಯಾದರು. ಮಗ ತಂದೆಯ ಬಳಿ, ಮಗಳು ತಾಯಿಯ ಬಳಿ ಎಂದು ತೀರ್ಮಾನವಾಯಿತು.

1874ರಲ್ಲಿ ಬೆಸೆಂಟ್ ನ್ಯಾಷನಲ್ ಸೆಕ್ಯುಲರ್ ಸೊಸೈಟಿ ಸೇರಿದರು. ಅದರ ನಾಯಕ ಚಾರ್ಲ್ಸ್ ಬ್ರ್ಯಾಡ್ಲಾ ನಾರ್ಥಾಂಪ್ಟನ್ ಕ್ಷೇತ್ರದಿಂದ ಸಂಸತ್ತಿಗೆ ಸ್ಪರ್ಧಿಸುತ್ತಿದ್ದರು. ಹಲವು ಬಾರಿ ಸೋತ ಬ್ರ್ಯಾಡ್ಲಾ ಕೊನೆಗೆ 1880ರಲ್ಲಿ ಗೆದ್ದರು. ಚುನಾವಣಾ ಪ್ರಚಾರ, ಬೀದಿ ಸಭೆ, ಕರಪತ್ರ, ವಿರೋಧಿಗಳ ಗಲಾಟೆ ಇವೆಲ್ಲವನ್ನೂ ಬೆಸೆಂಟ್ ಹತ್ತಿರದಿಂದ ಕಂಡದ್ದು ಈ ಕಾಲದಲ್ಲೇ. ಜೊತೆಗೆ ಲಂಡನ್ನಿನ ಹಾಲ್ ಆಫ್ ಸೈನ್ಸ್ ಎಂಬ ಸಭಾಭವನದಲ್ಲಿ ದುಡಿಯುವ ಜನರಿಗಾಗಿ ನಡೆಯುತ್ತಿದ್ದ ವಿಜ್ಞಾನ ತರಗತಿಗಳಲ್ಲಿ ಪಾಠವನ್ನೂ ಮಾಡುತ್ತಿದ್ದರು.

1877ರಲ್ಲಿ ಕುಟುಂಬ ನಿಯಂತ್ರಣ ಕುರಿತ ಹಳೆಯ ಕಿರುಪುಸ್ತಕವೊಂದನ್ನು ಮರುಮುದ್ರಿಸಿದ್ದಕ್ಕಾಗಿ ಬ್ರ್ಯಾಡ್ಲಾ ಮತ್ತು ಬೆಸೆಂಟ್ ಇಬ್ಬರ ಮೇಲೂ ಮೊಕದ್ದಮೆ ನಡೆಯಿತು. ಆರು ತಿಂಗಳ ಜೈಲು ಶಿಕ್ಷೆಯಾದರೂ ತಾಂತ್ರಿಕ ಕಾರಣದಿಂದ ಮೇಲ್ಮನವಿಯಲ್ಲಿ ಅದು ರದ್ದಾಯಿತು. ಆದರೆ ಇದರ ಬೆಲೆಯನ್ನು ತೆರಬೇಕಾಗಿ ಬಂತು. 1878ರಲ್ಲಿ ನ್ಯಾಯಾಲಯ ಏಳು ವರ್ಷದ ಮೇಬಲ್‌ಳನ್ನು ತಾಯಿಯಿಂದ ಬಿಡಿಸಿ ತಂದೆಗೆ ಒಪ್ಪಿಸಿತು. ದೇವರನ್ನು ನಂಬದ, ಇಂಥ ಪುಸ್ತಕ ಪ್ರಕಟಿಸಿದ ಹೆಂಗಸು ಮಗುವನ್ನು ಸಾಕಲು ಯೋಗ್ಯಳಲ್ಲ ಎಂಬುದು ಆ ತೀರ್ಪಿನ ಸಾರ. ಹತ್ತು ವರ್ಷದ ನಂತರದ ಚುನಾವಣೆಯನ್ನು ಅರ್ಥ ಮಾಡಿಕೊಳ್ಳಲು ಈ ಘಟನೆ ನೆನಪಿನಲ್ಲಿರಬೇಕು.

1885ರಲ್ಲಿ ಅವರು ಫೇಬಿಯನ್ ಸೊಸೈಟಿ ಸೇರಿ ಸಮಾಜವಾದದ ಕಡೆಗೆ ತಿರುಗಿದರು.

ಬೆಂಕಿಕಡ್ಡಿ ಕಾರ್ಖಾನೆಯ ಮುಷ್ಕರ, 1888

ಪೂರ್ವ ಲಂಡನ್ನಿನ ಬೋ ಎಂಬಲ್ಲಿ ಬ್ರಯಂಟ್ ಅಂಡ್ ಮೇ ಕಂಪನಿಯ ಬೆಂಕಿಕಡ್ಡಿ ಕಾರ್ಖಾನೆಯಿತ್ತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಹದಿಹರೆಯದ ಹುಡುಗಿಯರು. ಕೂಲಿ ತೀರ ಕಡಿಮೆ. ಅದರಲ್ಲೂ ಮಾತನಾಡಿದ್ದಕ್ಕೆ, ತಡವಾಗಿ ಬಂದದ್ದಕ್ಕೆ ಎಂದು ದಂಡ ಮುರಿದುಕೊಳ್ಳುತ್ತಿದ್ದರು. ಬಿಳಿ ರಂಜಕದ ಹೊಗೆಯಿಂದ ದವಡೆ ಕೊಳೆಯುವ ಕಾಯಿಲೆಯೂ ಇತ್ತು. ಊಟ ಮಾಡಲು ಬೇರೆ ಜಾಗವಿಲ್ಲದೆ ರಂಜಕದ ನಡುವೆಯೇ ತಿನ್ನಬೇಕಿತ್ತು.

1888ರ ಜೂನ್ 23ರಂದು ಬೆಸೆಂಟ್ ತಮ್ಮ ‘ದಿ ಲಿಂಕ್’ ಪತ್ರಿಕೆಯಲ್ಲಿ ಈ ಸ್ಥಿತಿಯನ್ನು ಬಯಲು ಮಾಡಿದರು. ಜುಲೈ ಆರಂಭದಲ್ಲಿ ಸುಮಾರು 1,400 ಮಂದಿ ಕೆಲಸ ನಿಲ್ಲಿಸಿ ಹೊರಬಂದರು. ಬೆಸೆಂಟ್ ನಿಧಿ ಸಂಗ್ರಹಿಸಿ ಹಂಚಿದರು, ಸಭೆಗಳನ್ನು ನಡೆಸಿದರು, ಕೆಲಸಗಾರ ಹೆಣ್ಣುಮಕ್ಕಳನ್ನು ಸಂಸತ್ ಸದಸ್ಯರ ಬಳಿಗೆ ಕರೆದೊಯ್ದರು. ತಿಂಗಳು ಮುಗಿಯುವ ಮೊದಲೇ ಕಂಪನಿ ದಂಡಗಳನ್ನು ಕೈಬಿಡಲು, ಊಟಕ್ಕೆ ಪ್ರತ್ಯೇಕ ಕೋಣೆ ಕೊಡಲು ಒಪ್ಪಿತು. ನಂತರ ರಚನೆಯಾದ ಮಹಿಳಾ ಬೆಂಕಿಕಡ್ಡಿ ಕೆಲಸಗಾರರ ಸಂಘಕ್ಕೆ ಬೆಸೆಂಟ್ ಮೊದಲ ಕಾರ್ಯದರ್ಶಿಯಾದರು.

ಈ ಕಾರ್ಖಾನೆ ಇದ್ದದ್ದು ಟವರ್ ಹ್ಯಾಮ್ಲೆಟ್ಸ್ ಪ್ರದೇಶದಲ್ಲಿ. ನಾಲ್ಕೇ ತಿಂಗಳ ನಂತರ ಬೆಸೆಂಟ್ ಶಾಲಾ ಮಂಡಳಿಗೆ ಸ್ಪರ್ಧಿಸಿದ್ದು ಅದೇ ಕ್ಷೇತ್ರದಿಂದ.

ಟವರ್ ಹ್ಯಾಮ್ಲೆಟ್ಸ್ ಚುನಾವಣೆ, ನವೆಂಬರ್ 1888

ಟವರ್ ಹ್ಯಾಮ್ಲೆಟ್ಸ್ ಲಂಡನ್ನಿನ ಕಡುಬಡವರ ಕ್ಷೇತ್ರ. ಹಡಗುಕಟ್ಟೆಯ ಕೂಲಿಗಳು, ಬಟ್ಟೆ ಹೊಲಿಯುವವರು, ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳು ಇಕ್ಕಟ್ಟಾದ ಮನೆಗಳಲ್ಲಿ ವಾಸವಾಗಿದ್ದರು. ಆ ವರ್ಷದ ಆಗಸ್ಟಿನಿಂದ ನವೆಂಬರಿನವರೆಗೆ ಇದೇ ಭಾಗದ ವೈಟ್‌ಚಾಪೆಲ್‌ನಲ್ಲಿ ಸಾಲು ಸಾಲು ಹೆಂಗಸರ ಕೊಲೆಗಳು ನಡೆದು ಇಡೀ ದೇಶದ ಪತ್ರಿಕೆಗಳು ಪೂರ್ವ ಲಂಡನ್ನಿನ ಬಡತನದ ಬಗ್ಗೆ ಬರೆಯುತ್ತಿದ್ದವು. ಚುನಾವಣೆ ಬಂದದ್ದು ಆ ಹೊತ್ತಿನಲ್ಲಿ.

ಬೆಸೆಂಟ್ ಅವರ ಪ್ರಣಾಳಿಕೆಯ ಮೊದಲ ಮಾತು ಹಸಿದ ಮಕ್ಕಳು ಇನ್ನು ಇರಬಾರದು ಎಂಬುದಾಗಿತ್ತು. ಹಾಜರಾತಿ ಕಡ್ಡಾಯ ಮಾಡಿದ ಮೇಲೆ ಮಗು ಬರಿಹೊಟ್ಟೆಯಲ್ಲಿ ಬಂದು ಕೂತರೆ ಕಲಿಯುವುದು ಹೇಗೆ ಎಂಬುದು ಅವರ ವಾದ. ಎರಡನೆಯ ಬೇಡಿಕೆ ಶಾಲಾ ಶುಲ್ಕದ ರದ್ದತಿ. 1870ರ ಕಾಯಿದೆ ಮಂಡಳಿ ಶಾಲೆಗಳಲ್ಲಿ ವಾರಕ್ಕೆ ಒಂಬತ್ತು ಪೆನ್ನಿಯವರೆಗೆ ಶುಲ್ಕ ಪಡೆಯಲು ಬಿಟ್ಟಿತ್ತು. ಬಡ ಪ್ರದೇಶಗಳಲ್ಲಿ ಶುಲ್ಕ ಒಂದೆರಡು ಪೆನ್ನಿ ಇದ್ದರೂ ನಾಲ್ಕು ಮಕ್ಕಳ ತಾಯಿಗೆ ಅದು ಹೊರೆಯೇ. ಶುಲ್ಕ ಮನ್ನಾ ಬೇಕೆಂದರೆ ತಮ್ಮ ಬಡತನವನ್ನು ಅಧಿಕಾರಿಗಳ ಮುಂದೆ ರುಜುವಾತು ಮಾಡಬೇಕಿತ್ತು. ಮೂರನೆಯದು ಮಂಡಳಿಯ ಗುತ್ತಿಗೆದಾರರು ತಮ್ಮ ಆಳುಗಳಿಗೆ ಸರಿಯಾದ ಕೂಲಿ ಕೊಡಬೇಕು ಎಂಬುದು. ಸಾರ್ವಜನಿಕ ಹಣದಿಂದ ನಡೆಯುವ ಕೆಲಸದಲ್ಲಿ ಶೋಷಣೆ ಇರಬಾರದು ಎಂದು ಅವರು ಹೇಳಿದರು.

ಪ್ರಚಾರದ ರೀತಿಯೂ ಜನರ ಗಮನ ಸೆಳೆಯಿತು. ತಲೆಗೂದಲಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ಗಾಡಿಯಲ್ಲಿ ಕ್ಷೇತ್ರ ಸುತ್ತುತ್ತ ಸಭೆಯಿಂದ ಸಭೆಗೆ ಹೋಗಿ ಮಾತನಾಡಿದರು. ಮತ ಇರುವವರು ಮತ ಹಾಕಿ, ಮತ ಇಲ್ಲದವರು ನನಗಾಗಿ ಕೆಲಸ ಮಾಡಿ ಎಂದು ಕೇಳಿಕೊಂಡರು. ಈ ಕೋರಿಕೆಗೆ ಕಾರಣವಿತ್ತು. ಮತದ ಹಕ್ಕು ಕಂದಾಯ ಕಟ್ಟುವವರಿಗೆ ಮಾತ್ರ. ಬಾಡಿಗೆ ಕೋಣೆಯಲ್ಲಿ ಬದುಕುವ ಕಾರ್ಖಾನೆ ಹುಡುಗಿಗೆ ಆ ಹಕ್ಕಿರಲಿಲ್ಲ. ಗಂಡನ ಹೆಸರಿನಲ್ಲಿ ಮನೆಯಿರುವ ಹೆಂಡತಿಗೂ ಸಾಮಾನ್ಯವಾಗಿ ಇರಲಿಲ್ಲ. ಬೆಸೆಂಟ್ ಅವರನ್ನು ಚೆನ್ನಾಗಿ ಬಲ್ಲ ಜನರಲ್ಲಿ ಹೆಚ್ಚಿನವರು ಮತಪಟ್ಟಿಯ ಹೊರಗೇ ಇದ್ದರು. ಮಂಡಳಿಯಲ್ಲಿ ಮಹಿಳೆಯರು ಬೇಕು, ನಿಲ್ಲುವ ಮಹಿಳೆಯರು ಕಡಿಮೆ ಎಂಬ ಮಾತನ್ನೂ ಅವರು ಮತದಾರರ ಮುಂದಿಟ್ಟರು.

ವಿರೋಧ ಸಣ್ಣದಿರಲಿಲ್ಲ. ಅವರ ನಾಸ್ತಿಕತೆಯನ್ನೂ ಹಿಂದಿನ ಮೊಕದ್ದಮೆಯನ್ನೂ ಎತ್ತಿ ಆಡಿದರು. ಮಕ್ಕಳ ಶಾಲೆಗಳನ್ನು ಇಂಥವರ ಕೈಗೆ ಕೊಡಬಹುದೇ ಎಂಬ ಪ್ರಶ್ನೆ ಬಂತು. ಸ್ಥಳೀಯ ಪಾದ್ರಿಯೊಬ್ಬರು ಹಂಚಿದ ಕರಪತ್ರ ಮುಂದೆ ಮಾನಹಾನಿಯ ಮೊಕದ್ದಮೆಯಾಗಿ ನ್ಯಾಯಾಲಯದವರೆಗೂ ಹೋಯಿತು. ಹಾಗೆಂದು ಎಲ್ಲ ಪಾದ್ರಿಗಳೂ ಎದುರಾಳಿಗಳಾಗಿರಲಿಲ್ಲ. ಕ್ರೈಸ್ತ ಸಮಾಜವಾದಿ ಪಾದ್ರಿ ಸ್ಟೂವರ್ಟ್ ಹೆಡ್ಲಮ್ ಪಕ್ಕದ ಹ್ಯಾಕ್ನಿ ಕ್ಷೇತ್ರದಿಂದ ಅದೇ ಚುನಾವಣೆಯಲ್ಲಿ ಗೆದ್ದು ಮಂಡಳಿಯಲ್ಲಿ ಬೆಸೆಂಟ್ ಅವರ ಆಪ್ತ ಸಹೋದ್ಯೋಗಿಯಾದರು.

ಫಲಿತಾಂಶ ಬಂದಾಗ ಬೆಸೆಂಟ್ 15 ಸಾವಿರಕ್ಕೂ ಹೆಚ್ಚು ಮತ ಪಡೆದು ಟವರ್ ಹ್ಯಾಮ್ಲೆಟ್ಸ್‌ನ ಅಭ್ಯರ್ಥಿಗಳಲ್ಲೇ ಮೊದಲ ಸ್ಥಾನ ಪಡೆದಿದ್ದರು. ಒಬ್ಬರಿಗೇ ಎಲ್ಲ ಮತ ಹಾಕುವ ಅವಕಾಶ ಅವರಿಗೆ ನೆರವಾಗಿರಬಹುದು. ಹತ್ತು ವರ್ಷದ ಹಿಂದೆ ಸ್ವಂತ ಮಗಳನ್ನು ಸಾಕಲು ಅಯೋಗ್ಯಳೆಂದು ನ್ಯಾಯಾಲಯ ಹೇಳಿದ್ದ ತಾಯಿಗೆ ಲಂಡನ್ನಿನ ಏಳು ಲಕ್ಷಕ್ಕೂ ಹೆಚ್ಚು ಮಕ್ಕಳ ಶಿಕ್ಷಣದ ಹೊಣೆಯಲ್ಲಿ ಮತದಾರರು ಪಾಲು ಕೊಟ್ಟರು. ಈ ಮಾತನ್ನು ಬೆಸೆಂಟ್ ಅವರೇ ಆಗ ಬರೆದುಕೊಂಡರು.

ಮಂಡಳಿಯಲ್ಲಿ ಮಾಡಿದ ಕೆಲಸ

ಗೆದ್ದು ಬಂದ ಬೆಸೆಂಟ್ ಅವರಿಗೆ ಮಂಡಳಿಯಲ್ಲಿ ಬಹುಮತದ ಬೆಂಬಲವಿರಲಿಲ್ಲ. ಅಧ್ಯಕ್ಷ ಜೋಸೆಫ್ ಡಿಗಲ್ ಮತ್ತು ಅವರ ಗುಂಪು ಖರ್ಚು ಹಿಡಿತದಲ್ಲಿರಬೇಕು, ಕಂದಾಯ ಏರಬಾರದು ಎಂಬ ನಿಲುವಿನವರು. ಲಯಲ್ಫ್ ಸ್ಟ್ಯಾನ್ಲಿ ಅವರ ಮುಂದಾಳತನದ ಸುಧಾರಣಾವಾದಿಗಳು ವಿರೋಧ ಪಕ್ಷದಂತಿದ್ದರು. ಬೆಸೆಂಟ್ ಮತ್ತು ಹೆಡ್ಲಮ್ ಇವರಿಗಿಂತಲೂ ಮುಂದೆ ಹೋಗಿ ಮಾತನಾಡುವವರು. ಹೀಗಿದ್ದರೂ ಕೆಲವು ವಿಷಯಗಳಲ್ಲಿ ಮಂಡಳಿಯನ್ನು ಒಪ್ಪಿಸಲು ಅವರಿಗೆ ಸಾಧ್ಯವಾಯಿತು.

*ನ್ಯಾಯವಾದ ಕೂಲಿ.* ಲಂಡನ್ ಸ್ಕೂಲ್ ಬೋರ್ಡ್ ಕಟ್ಟಡ, ಮುದ್ರಣ, ಪೀಠೋಪಕರಣ ಎಂದು ದೊಡ್ಡ ಮೊತ್ತದ ಗುತ್ತಿಗೆಗಳನ್ನು ಕೊಡುತ್ತಿತ್ತು. ಅತಿ ಕಡಿಮೆ ದರ ನಮೂದಿಸಿದವರಿಗೆ ಟೆಂಡರ್ ಸಿಗುವುದು ರೂಢಿ. ಕಡಿಮೆ ದರ ಹೊಂದಿಸಲು ಗುತ್ತಿಗೆದಾರ ಆಳುಗಳ ಕೂಲಿ ಕತ್ತರಿಸುತ್ತಿದ್ದ. ಆಯಾ ಕಸುಬಿನ ಕಾರ್ಮಿಕ ಸಂಘ ಒಪ್ಪಿದ ಕೂಲಿಯನ್ನು ಕೊಡುವ ಗುತ್ತಿಗೆದಾರರಿಗೆ ಮಾತ್ರ ಕೆಲಸ ಎಂಬ ನಿಯಮಕ್ಕಾಗಿ ಬೆಸೆಂಟ್ ಒತ್ತಾಯಿಸಿದರು. 1889ರಲ್ಲಿ ಮಂಡಳಿ ಈ ತತ್ವವನ್ನು ಒಪ್ಪಿಕೊಂಡಿತು. ಇಂಥ ನಿಯಮ ತಂದ ಮೊದಲ ಸಾರ್ವಜನಿಕ ಸಂಸ್ಥೆಗಳಲ್ಲಿ ಇದೂ ಒಂದು. 1891ರಲ್ಲಿ ಬ್ರಿಟಿಷ್ ಸಂಸತ್ತು ಸರ್ಕಾರಿ ಗುತ್ತಿಗೆಗಳಿಗೂ ನ್ಯಾಯವಾದ ಕೂಲಿಯ ನಿರ್ಣಯ ಅಂಗೀಕರಿಸಿತು.

*ಶುಲ್ಕ ರದ್ದತಿ.* ಶುಲ್ಕ ತೆಗೆದುಹಾಕುವ ಅಧಿಕಾರ ಮಂಡಳಿಗೆ ಪೂರ್ತಿಯಾಗಿ ಇರಲಿಲ್ಲ, ಅದಕ್ಕೆ ದೇಶದ ಕಾನೂನೇ ಬದಲಾಗಬೇಕಿತ್ತು. ಬೆಸೆಂಟ್ ಮತ್ತು ಇತರ ಸುಧಾರಣಾವಾದಿಗಳು ಒಳಗೂ ಹೊರಗೂ ಇದಕ್ಕಾಗಿ ಮಾತನಾಡಿದರು. 1891ರ ಶಿಕ್ಷಣ ಕಾಯಿದೆ ಪ್ರತಿ ಮಗುವಿಗೆ ವರ್ಷಕ್ಕೆ ಹತ್ತು ಶಿಲ್ಲಿಂಗ್ ಸರ್ಕಾರಿ ಅನುದಾನ ನೀಡಿ ಬಹುಪಾಲು ಪ್ರಾಥಮಿಕ ಶಾಲೆಗಳನ್ನು ಉಚಿತ ಮಾಡಿತು. ಬೆಸೆಂಟ್ ಅವರ ಅವಧಿ ಮುಗಿಯುವ ಹೊತ್ತಿಗೆ ಅವರ ಪ್ರಣಾಳಿಕೆಯ ಒಂದು ದೊಡ್ಡ ಬೇಡಿಕೆ ಕಾನೂನಾಗಿತ್ತು.

*ಊಟ.* ಇದು ಎಲ್ಲಕ್ಕಿಂತ ಕಷ್ಟದ ವಿಷಯ. ಕಂದಾಯದ ಹಣದಿಂದ ಮಕ್ಕಳಿಗೆ ಊಟ ಕೊಡಲು ಮಂಡಳಿಗೆ ಕಾನೂನಿನ ಅಧಿಕಾರವಿರಲಿಲ್ಲ. ಊಟ ಕೊಡುವುದು ತಂದೆ ತಾಯಿಯರ ಕರ್ತವ್ಯ, ಸರ್ಕಾರ ಕೊಟ್ಟರೆ ಅವರು ಸೋಮಾರಿಗಳಾಗುತ್ತಾರೆ ಎಂಬ ಅಭಿಪ್ರಾಯ ಬಲವಾಗಿತ್ತು. ದತ್ತಿ ಸಂಘಗಳು ಅಲ್ಲಲ್ಲಿ ಊಟ ಹಾಕುತ್ತಿದ್ದವು. ಒಂದು ಶಾಲೆಯಲ್ಲಿ ಎರಡೆರಡು ಸಂಘ, ಇನ್ನೊಂದರಲ್ಲಿ ಒಂದೂ ಇಲ್ಲ. 1889ರಲ್ಲಿ ಇವುಗಳನ್ನು ಹೊಂದಿಸಲು ಲಂಡನ್ ಶಾಲಾ ಊಟದ ಸಂಘ ಹುಟ್ಟಿಕೊಂಡಿತು. ಆದರೆ ಬೆಸೆಂಟ್ ಕೇಳಿದ್ದು ದಾನವನ್ನಲ್ಲ, ಮಗುವಿನ ಹಕ್ಕನ್ನು. ಸ್ಥಳೀಯ ಕಂದಾಯದಿಂದ ಶಾಲಾ ಊಟಕ್ಕೆ ಖರ್ಚು ಮಾಡಲು ಅವಕಾಶ ಕೊಟ್ಟ ಕಾಯಿದೆ ಬಂದದ್ದು 1906ರಲ್ಲಿ. ಅಷ್ಟರಲ್ಲಿ ಬೆಸೆಂಟ್ ಭಾರತಕ್ಕೆ ಬಂದು 13 ವರ್ಷವಾಗಿತ್ತು.

ಈ ಮೂರರಲ್ಲಿ ಒಂದನ್ನು ಮಂಡಳಿಯೇ ಜಾರಿಗೆ ತಂದಿತು, ಒಂದನ್ನು ಸಂಸತ್ತು ಅವರ ಅವಧಿಯಲ್ಲೇ ಕಾನೂನು ಮಾಡಿತು, ಒಂದಕ್ಕೆ ಇನ್ನೂ ಹದಿನೈದು ವರ್ಷ ಕಾಯಬೇಕಾಯಿತು. ಸ್ಥಳೀಯ ಮಂಡಳಿಯ ಸದಸ್ಯರು ಏನು ಮಾಡಬಲ್ಲರು, ಎಲ್ಲಿ ಅವರ ಕೈ ಕಟ್ಟಿರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಮಹಿಳೆಯರಿಗೆ ತೆರೆದಿದ್ದ ಬಾಗಿಲು

ಬೆಸೆಂಟ್ ಗೆದ್ದ ಎರಡೇ ತಿಂಗಳಿಗೆ, 1889ರ ಜನವರಿಯಲ್ಲಿ, ಲಂಡನ್ ಕೌಂಟಿ ಕೌನ್ಸಿಲಿನ ಮೊದಲ ಚುನಾವಣೆ ನಡೆಯಿತು. ಜೇನ್ ಕಾಬ್ಡನ್ ಮತ್ತು ಲೇಡಿ ಸ್ಯಾಂಡ್‌ಹರ್ಸ್ಟ್ ಅದರಲ್ಲಿ ಗೆದ್ದರು. ಸೋತ ಅಭ್ಯರ್ಥಿ ನ್ಯಾಯಾಲಯಕ್ಕೆ ಹೋದಾಗ, ಹೆಂಗಸು ಕೌನ್ಸಿಲರ್ ಆಗಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು ಲೇಡಿ ಸ್ಯಾಂಡ್‌ಹರ್ಸ್ಟ್ ಸ್ಥಾನ ಕಳೆದುಕೊಂಡರು. ಮತದಾರರು ಒಪ್ಪಿದರೂ ಕಾನೂನು ಒಪ್ಪಲಿಲ್ಲ. ಶಾಲಾ ಮಂಡಳಿಯಲ್ಲಿ ಮಾತ್ರ 1870ರಿಂದ ಈ ತೊಡಕಿರಲಿಲ್ಲ.

ಆದರೆ ಆ ಬಾಗಿಲೂ ಬಹುಕಾಲ ಉಳಿಯಲಿಲ್ಲ. 1902 ಮತ್ತು 1903ರ ಕಾಯಿದೆಗಳು ಶಾಲಾ ಮಂಡಳಿಗಳನ್ನೇ ರದ್ದು ಮಾಡಿ ಶಿಕ್ಷಣವನ್ನು ಕೌಂಟಿ ಮತ್ತು ನಗರ ಕೌನ್ಸಿಲುಗಳಿಗೆ ಒಪ್ಪಿಸಿದವು. 1904ರಲ್ಲಿ ಲಂಡನ್ ಸ್ಕೂಲ್ ಬೋರ್ಡ್ ಮುಚ್ಚಿತು. ಕೌನ್ಸಿಲಿಗೆ ಮಹಿಳೆಯರು ನಿಲ್ಲುವಂತಿರಲಿಲ್ಲವಾದ್ದರಿಂದ ಶಿಕ್ಷಣ ಸಮಿತಿಗೆ ಅವರನ್ನು ನಾಮಕರಣ ಮಾಡಬೇಕಾಯಿತು. ಚುನಾವಣೆಯಲ್ಲಿ ಗೆದ್ದು ಬರುವ ಹಕ್ಕು ಮರಳಿ ಸಿಕ್ಕಿದ್ದು 1907ರ ಕಾಯಿದೆಯಿಂದ.

ಮರುಸ್ಪರ್ಧೆ ಇಲ್ಲ, ಭಾರತಕ್ಕೆ ಪಯಣ

ಮಂಡಳಿಯ ಸದಸ್ಯೆಯಾಗಿದ್ದಾಗಲೇ ಬೆಸೆಂಟ್ ಅವರ ಬದುಕು ಇನ್ನೊಂದು ತಿರುವು ತೆಗೆದುಕೊಂಡಿತು. 1889ರಲ್ಲಿ ಮೇಡಂ ಬ್ಲಾವಟ್‌ಸ್ಕಿ ಅವರ ಗ್ರಂಥವನ್ನು ವಿಮರ್ಶೆಗೆಂದು ಓದಿ, ಅವರನ್ನು ಭೇಟಿಯಾಗಿ, ಅದೇ ವರ್ಷ ಮೇ ತಿಂಗಳಲ್ಲಿ ಥಿಯಾಸಫಿಕಲ್ ಸೊಸೈಟಿ ಸೇರಿದರು. ನಾಸ್ತಿಕ ಸಂಗಾತಿಗಳಿಗೆ ಇದು ಆಘಾತ ತಂದಿತು. 1891ರ ಮೇ ತಿಂಗಳಲ್ಲಿ ಬ್ಲಾವಟ್‌ಸ್ಕಿ ತೀರಿಕೊಂಡ ಮೇಲೆ ಸೊಸೈಟಿಯ ಹೊಣೆ ಹೆಚ್ಚಾಯಿತು. ಆ ನವೆಂಬರಿನ ಮಂಡಳಿ ಚುನಾವಣೆಗೆ ಬೆಸೆಂಟ್ ನಿಲ್ಲಲಿಲ್ಲ.

1893ರ ಸೆಪ್ಟೆಂಬರಿನಲ್ಲಿ ಶಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಥಿಯಾಸಫಿಯ ಪ್ರತಿನಿಧಿಯಾಗಿ ಹೋದರು. ಸ್ವಾಮಿ ವಿವೇಕಾನಂದರು ಮಾತನಾಡಿದ ಅದೇ ಸಮ್ಮೇಳನದಲ್ಲಿ ಜೈನ ಧರ್ಮದ ಪ್ರತಿನಿಧಿಯಾಗಿದ್ದವರು ಗುಜರಾತಿನ ಮಹುವಾದ ವೀರಚಂದ್ ರಾಘವಜಿ ಗಾಂಧಿ. ಅದೇ ವರ್ಷ ನವೆಂಬರಿನಲ್ಲಿ ಬೆಸೆಂಟ್ ಭಾರತದ ನೆಲಕ್ಕೆ ಕಾಲಿಟ್ಟರು. 1901ರ ಡಿಸೆಂಬರಿನಲ್ಲಿ ಅಡ್ಯಾರಿನಲ್ಲಿ ಅವರು ಕೊಟ್ಟ ಉಪನ್ಯಾಸ ಮಾಲೆಯಲ್ಲಿ ಇಸ್ಲಾಂ, ಸಿಖ್ ಧರ್ಮಗಳ ಜೊತೆ ಜೈನ ಧರ್ಮಕ್ಕೂ ಒಂದು ಉಪನ್ಯಾಸ ಮೀಸಲಾಗಿತ್ತು. ಮುಂದೆ ಅದು ಏಳು ಮಹಾಧರ್ಮಗಳ ಕುರಿತ ಅವರ ಪುಸ್ತಕದಲ್ಲೂ ಸೇರಿತು. ನಮ್ಮ ಓದುಗರಿಗೆ ಬೆಸೆಂಟ್ ಹೆಸರು ಪರಿಚಿತವಾಗಿರುವುದಕ್ಕೆ ಇದೂ ಒಂದು ಕಾರಣ.

ಭಾರತದಲ್ಲಿ ಶಿಕ್ಷಣ ಮತ್ತು ಚುನಾವಣೆಗಳು

ಲಂಡನ್ನಿನಲ್ಲಿ ಮಂಡಳಿಯ ಸದಸ್ಯೆಯಾಗಿ ಮಾಡಿದ ಶಿಕ್ಷಣದ ಕೆಲಸವನ್ನು ಭಾರತದಲ್ಲಿ ಸಂಸ್ಥೆಗಳನ್ನು ಕಟ್ಟುವ ಮೂಲಕ ಮುಂದುವರಿಸಿದರು. 1898ರಲ್ಲಿ ಬನಾರಸಿನಲ್ಲಿ ಸೆಂಟ್ರಲ್ ಹಿಂದೂ ಕಾಲೇಜು, 1904ರಲ್ಲಿ ಅಲ್ಲಿಯೇ ಹೆಣ್ಣುಮಕ್ಕಳ ಶಾಲೆ ಸ್ಥಾಪಿಸಿದರು. ಮದನ ಮೋಹನ ಮಾಳವೀಯರ ಪ್ರಯತ್ನದಿಂದ 1916ರಲ್ಲಿ ರೂಪುಗೊಂಡ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಈ ಕಾಲೇಜೇ ತಳಹದಿಯಾಯಿತು.

ಕರ್ನಾಟಕದ ಮಟ್ಟಿಗೆ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್ ಮುಖ್ಯವಾದದ್ದು. 1917ರಲ್ಲಿ ಬೆಸೆಂಟ್ ಅವರ ರಾಷ್ಟ್ರೀಯ ಶಿಕ್ಷಣ ಚಳವಳಿಯ ಪ್ರೇರಣೆಯಿಂದ ಹುಟ್ಟಿದ ಶಾಲೆ ಇದು. ಮುಂದೆ ಇದೇ ಸಂಸ್ಥೆ ನ್ಯಾಷನಲ್ ಕಾಲೇಜನ್ನೂ ನಡೆಸಿತು. ಶಿಕ್ಷಣ ತಜ್ಞ ಡಾ. ಎಚ್. ನರಸಿಂಹಯ್ಯ ಈ ಶಾಲೆಯಲ್ಲಿ ಓದಿ, ನಂತರ ಕಾಲೇಜಿನ ಪ್ರಾಂಶುಪಾಲರೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ಮಂಗಳೂರಿನಲ್ಲಿಯೂ ಬೆಸೆಂಟ್ ಹೆಸರಿನ ಶಾಲೆ ಕಾಲೇಜುಗಳು ಇಂದಿಗೂ ನಡೆಯುತ್ತಿವೆ.

ಚುನಾವಣೆಗಳೂ ಮುಂದುವರಿದವು. ಕರ್ನಲ್ ಆಲ್ಕಾಟ್ ನಿಧನದ ನಂತರ 1907ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಅಧ್ಯಕ್ಷ ಸ್ಥಾನಕ್ಕೆ ಸದಸ್ಯರ ಮತದಿಂದ ಆಯ್ಕೆಯಾದರು. ಏಳು ವರ್ಷದ ಅವಧಿಯ ಆ ಸ್ಥಾನದಲ್ಲಿ ಮತ್ತೆ ಮತ್ತೆ ಆಯ್ಕೆಯಾಗಿ ಕೊನೆಯವರೆಗೂ ಇದ್ದರು. 1916ರಲ್ಲಿ ಹೋಮ್ ರೂಲ್ ಲೀಗ್ ಆರಂಭಿಸಿದರು. ಅದೇ ವರ್ಷ ಲೋಕಮಾನ್ಯ ತಿಲಕರು ಬೆಳಗಾವಿಯಲ್ಲಿ ತಮ್ಮ ಲೀಗನ್ನು ಆರಂಭಿಸಿದ್ದರು. 1917ರ ಜೂನಿನಲ್ಲಿ ಮದ್ರಾಸ್ ಸರ್ಕಾರ ಬೆಸೆಂಟ್ ಅವರನ್ನು ಊಟಿಯಲ್ಲಿ ನಿರ್ಬಂಧದಲ್ಲಿಟ್ಟಿತು. ದೇಶದಾದ್ಯಂತ ಪ್ರತಿಭಟನೆ ನಡೆದು ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಬೇಕಾಯಿತು. ಆ ಡಿಸೆಂಬರಿನ ಕಲ್ಕತ್ತಾ ಅಧಿವೇಶನದಲ್ಲಿ ಅವರು ಕಾಂಗ್ರೆಸ್ಸಿನ ಮೊದಲ ಮಹಿಳಾ ಅಧ್ಯಕ್ಷೆಯಾದರು. ಅಸಹಕಾರ ಚಳವಳಿಯ ವಿಷಯದಲ್ಲಿ ಗಾಂಧೀಜಿಯವರೊಡನೆ ಭಿನ್ನಾಭಿಪ್ರಾಯ ಬಂದ ಮೇಲೆ ಅವರ ರಾಜಕೀಯ ಪ್ರಭಾವ ಕುಗ್ಗಿತು.

ಇಂದಿನ ಓದುಗರಿಗೆ

ಸ್ಕೂಲ್ ಬೋರ್ಡ್ ಎಂಬ ಮಾತು ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಕಡೆಯ ಹಿರಿಯರಿಗೆ ಹೊಸದಲ್ಲ. ಮುಂಬಯಿ ಪ್ರಾಂತ್ಯದ 1923 ಮತ್ತು 1947ರ ಪ್ರಾಥಮಿಕ ಶಿಕ್ಷಣ ಕಾಯಿದೆಗಳ ಪ್ರಕಾರ ಈ ಭಾಗದ ಪ್ರಾಥಮಿಕ ಶಾಲೆಗಳನ್ನು ಶಾಲಾ ಮಂಡಳಿಗಳೇ ನೋಡಿಕೊಳ್ಳುತ್ತಿದ್ದವು. ಏಕೀಕರಣದ ನಂತರ ವ್ಯವಸ್ಥೆ ಬದಲಾಯಿತು. 2001ರಿಂದ ರಾಜ್ಯದ ಪ್ರತಿ ಸರ್ಕಾರಿ ಶಾಲೆಗೂ ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಇದೆ.

ಬೆಸೆಂಟ್ ಕೇಳಿದ ಶುಲ್ಕವಿಲ್ಲದ ಶಿಕ್ಷಣ ನಮ್ಮಲ್ಲಿ 6ರಿಂದ 14 ವರ್ಷದ ಮಕ್ಕಳ ಹಕ್ಕೆಂದು 2009ರ ಕಾಯಿದೆಯಲ್ಲಿ ಬಂತು. ಶಾಲೆಯ ಊಟ 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಅಕ್ಷರ ದಾಸೋಹವಾಗಿ ಆರಂಭವಾಗಿ ನಂತರ ಎಲ್ಲ ಜಿಲ್ಲೆಗಳಿಗೂ ಹರಡಿತು. ಆ ಊಟ ಸರಿಯಾಗಿದೆಯೇ, ಅಡುಗೆಯವರಿಗೆ ಸಂಬಳ ಹೊತ್ತಿಗೆ ಸಿಗುತ್ತಿದೆಯೇ, ಕಟ್ಟಡದ ಗುತ್ತಿಗೆ ಯಾರಿಗೆ ಹೋಯಿತು ಎಂದು ಕೇಳುವ ಅವಕಾಶ ಎಸ್‌ಡಿಎಂಸಿ ಸಭೆಯಲ್ಲಿ ಕೂರುವ ಪ್ರತಿ ತಂದೆ ತಾಯಿಗೂ ಇದೆ. ಟವರ್ ಹ್ಯಾಮ್ಲೆಟ್ಸ್‌ನ ಸದಸ್ಯೆ ಮೂರು ವರ್ಷ ಕೇಳಿದ್ದೂ ಇವೇ ಪ್ರಶ್ನೆಗಳನ್ನು.

ಮುಖ್ಯ ಇಸವಿಗಳು

1847 – ಲಂಡನ್ನಿನಲ್ಲಿ ಜನನ
1870 – ಇಂಗ್ಲೆಂಡಿನ ಪ್ರಾಥಮಿಕ ಶಿಕ್ಷಣ ಕಾಯಿದೆ, ಲಂಡನ್ ಸ್ಕೂಲ್ ಬೋರ್ಡಿನ ಮೊದಲ ಚುನಾವಣೆ
1878 – ಮಗಳು ಮೇಬಲ್ ನ್ಯಾಯಾಲಯದ ಆದೇಶದಂತೆ ತಂದೆಯ ವಶಕ್ಕೆ
1888 – ಬೆಂಕಿಕಡ್ಡಿ ಕಾರ್ಖಾನೆಯ ಮುಷ್ಕರ, ನವೆಂಬರಿನಲ್ಲಿ ಟವರ್ ಹ್ಯಾಮ್ಲೆಟ್ಸ್‌ನಿಂದ ಆಯ್ಕೆ
1889 – ಮಂಡಳಿಯಲ್ಲಿ ನ್ಯಾಯವಾದ ಕೂಲಿಯ ನಿಯಮ, ಥಿಯಾಸಫಿಕಲ್ ಸೊಸೈಟಿ ಸೇರ್ಪಡೆ
1891 – ಶುಲ್ಕ ರದ್ದತಿಯ ಕಾಯಿದೆ, ಮಂಡಳಿಯ ಸದಸ್ಯತ್ವದ ಕೊನೆ
1893 – ಭಾರತಕ್ಕೆ ಆಗಮನ
1898 – ಬನಾರಸಿನಲ್ಲಿ ಸೆಂಟ್ರಲ್ ಹಿಂದೂ ಕಾಲೇಜು
1907 – ಥಿಯಾಸಫಿಕಲ್ ಸೊಸೈಟಿ ಅಧ್ಯಕ್ಷೆಯಾಗಿ ಆಯ್ಕೆ
1917 – ಊಟಿಯಲ್ಲಿ ನಿರ್ಬಂಧ, ಕಾಂಗ್ರೆಸ್ ಅಧ್ಯಕ್ಷ ಪದವಿ, ಬೆಂಗಳೂರಿನಲ್ಲಿ ನ್ಯಾಷನಲ್ ಹೈಸ್ಕೂಲ್
1933 – ಅಡ್ಯಾರಿನಲ್ಲಿ ನಿಧನ